ಅಂಗಿ ಎತ್ತಿ ಒಂದು ನಿಮಿಷ

ಉಗಾರದ ಚಳಿ ಹೊಳೆಯಿಂದ ಎದ್ದು ಬರುತ್ತದೆ. ಮಾರ್ಗಶಿರ ಹಿಡಿಯಿತೆಂದರೆ ಮುಂಜಾನೆ ಕುಡಚಿ ಕಡೆಯ ರೈಲ್ವೆ ಪೂಲು ಕಣ್ಣಿಗೆ ಬೀಳುವುದೇ ಇಲ್ಲ. ಕೃಷ್ಣೆಯ ಮಂಜಿನೊಳಗೆ ಗಾಡಿ ಹಾಯುವ ಸಪ್ಪಳವಷ್ಟೇ ಕೇಳುತ್ತದೆ. ಅದೇ ಹೊತ್ತಿಗೆ ಸಕ್ಕರೆ ಕಾರ್ಖಾನೆಯ ಹಂಗಾಮು ಭರಕ್ಕೆ ಬಂದಿರುತ್ತದೆ. ಶಿರಗಾಂವಕರ ಮನೆತನದವರು 1939ರಲ್ಲಿ ಕಟ್ಟಿದ ಕಾರ್ಖಾನೆ ಅದು. ಅದರ ಭೋಂಗಾ ಕೇಳಿ ಏಳುವವರು, ಭೋಂಗಾ ಕೇಳಿ ಉಣ್ಣುವವರು ನಮ್ಮೂರಲ್ಲಿ ಇವತ್ತಿಗೂ ಇದ್ದಾರೆ. ರಸ್ತೆ ತುಂಬ ಕಬ್ಬಿನ ಗಾಡಿ, ಟ್ರ್ಯಾಕ್ಟರು. ಊರ ತುಂಬ ಕಬ್ಬಿನ ಹಾಲು ಕಾಯುವ ಸಿಹಿ ವಾಸನೆ.

ಹಂಗಾಮಿಗೆ ಕಬ್ಬು ಕಡಿಯುವ ಟೋಳಿಗಳು ಬರುತ್ತವೆ. ಬೀಡ ಜಿಲ್ಲೆಯವರು ಬರುತ್ತಾರೆ, ವಿಜಯಪುರದ ಕಡೆಯವರು ಬರುತ್ತಾರೆ, ಜತ್ತ ತಾಲೂಕಿನ ನಮ್ಮ ಕನ್ನಡದ ಮಂದಿಯೂ ಬರುತ್ತಾರೆ. ಹೊಲದ ದಂಡೆಗೆ ರವದಿಯ ಕೊಪ್ಪಿ ಹಾಕಿ ಸಂಸಾರ ಹೂಡುತ್ತಾರೆ. ನಸುಕಿನಲ್ಲೇ ಒಲೆ ಹೊತ್ತುತ್ತದೆ. ಹೊರಗೆ ಇಬ್ಬನಿ, ಒಳಗೆ ಹೊಗೆ. ನಡುವೆ ಹಾಲು ಕುಡಿಯುವ ಕೂಸುಗಳು. ಹೀಗಾಗಿ ನಮ್ಮ ಕಡೆ ಕೆಮ್ಮಿನ ಹಂಗಾಮು, ಕಬ್ಬಿನ ಹಂಗಾಮು ಎರಡೂ ಕೂಡಿಯೇ ನಡೆಯುತ್ತವೆ.

ನಾನು ಆಗ ನಮ್ಮ ಕಾಕಾನ ಮೆಡಿಕಲ್ ಅಂಗಡಿಯಲ್ಲಿ ಕೂಡುತ್ತಿದ್ದೆ. ಯಾವ ವರ್ಷ ಅಂದರೆ ಖಚಿತ ಹೇಳಲು ಬರುವುದಿಲ್ಲ. ನೋಟು ಬದಲಾದ ಗದ್ದಲ ತಣ್ಣಗಾಗಿತ್ತು, ಕೊರೋನಾ ಎಂಬ ಹೆಸರನ್ನು ಇನ್ನೂ ಯಾರೂ ಕೇಳಿರಲಿಲ್ಲ, ಅಷ್ಟು ನೆನಪಿದೆ. ಸಂಕ್ರಾಂತಿ ಹತ್ತಿರ ಬಂದಿತ್ತು. ಬಾಜೂದ ಕಿರಾಣಿ ಅಂಗಡಿಯವರು ಕುಸುರೆಳ್ಳಿನ ಡಬ್ಬಿಗಳನ್ನು ಹೊರಗೆ ಹಚ್ಚಿಟ್ಟಿದ್ದರು.

ಕಾಕಾನದು ವಿಚಿತ್ರ ಶಿಸ್ತು. ದಸರೆಯಿಂದ ಶಿವರಾತ್ರಿಯ ತನಕ ಕೊರಳ ಮಫ್ಲರ್ ಬಿಚ್ಚುತ್ತಿರಲಿಲ್ಲ. ಹನ್ನೊಂದು ಗಂಟೆಗೆ ಒಂದು ಮುಷ್ಟಿ ಚುರುಮುರಿ, ಅದರ ಮೇಲೆ ಶೇಂಗಾ, ಒಂದು ಹಸಿಮೆಣಸಿನಕಾಯಿ. ಇದಿಲ್ಲದೆ ಅವನ ದಿನ ಮುಂದೆ ಸಾಗುತ್ತಿರಲಿಲ್ಲ. ಸುತ್ತಲಿನ ಡಾಕ್ಟರರ ಕೈಬರಹ ಅವನಿಗೆ ಅಂಗೈ ಗೆರೆಯಷ್ಟು ಪರಿಚಯ. ಶೇಡಬಾಳದ ಚೀಟಿ ಯಾವುದು, ಐನಾಪುರದ್ದು ಯಾವುದು, ಕುಡಚಿಯಿಂದ ಹೊಳೆ ದಾಟಿ ಬಂದದ್ದು ಯಾವುದು ಎಂದು ದೂರದಿಂದಲೇ ಹೇಳುತ್ತಿದ್ದ. ಆದರೆ ಅವನ ಮನಸ್ಸಿಗೆ ಹತ್ತಿದ ಒಂದು ಕೊರಗಿತ್ತು. ರಾತ್ರಿ ಅಂಗಡಿ ಮುಚ್ಚುವಾಗ ದಿನದ ಚೀಟಿಗಳನ್ನು ನೆನೆಸಿಕೊಂಡು ಹೇಳುತ್ತಿದ್ದ:

“ನೋಡಪಾ, ನೆಗಡಿ ಆದ ಕೂಸಿಗೂ ಅದ ಚೀಟಿ, ಪುಪ್ಪುಸದಾಗ ಬ್ಯಾನಿ ಹೊಕ್ಕ ಕೂಸಿಗೂ ಅದ ಚೀಟಿ. ಕೆಮ್ಮಿನ ಬಾಟ್ಲಿ, ಜ್ವರದ ಬಾಟ್ಲಿ, ಮ್ಯಾಲ ಒಂದು ತುಟ್ಟಿ ಆ್ಯಂಟಿಬಯೋಟಿಕ್. ಎರಡಕ್ಕೂ ಫರಕ ಎಲ್ಲಿ ಮಾಡ್ತಾರ ಇವರು?”

ಕಾಕಾ ಡಾಕ್ಟರನಲ್ಲ. ಆದರೆ ಮೂವತ್ತು ವರ್ಷ ಕಟ್ಟೆಯ ಈ ಕಡೆ ನಿಂತವನಿಗೆ ಕೆಲವು ಸಂಗತಿ ತಾನಾಗಿ ಕಾಣುತ್ತವೆ.

ಆ ಸಂಕ್ರಾಂತಿಯ ಮುಂಚಿನ ಒಂದು ದಿನ ಸಂಜೆ ನಮ್ಮಲ್ಲಿ ಸುತ್ತಲಿನ ಡಾಕ್ಟರರ ಒಂದು ಕೂಟವಿತ್ತು. ಬೆಳಗಾವಿಯಿಂದ ಮಕ್ಕಳ ಡಾಕ್ಟರರೊಬ್ಬರು ಬಂದು ಮಕ್ಕಳ ನ್ಯುಮೋನಿಯಾದ ಬಗ್ಗೆ ಮಾತಾಡುವವರಿದ್ದರು. 1963ರಲ್ಲಿ ಶುರುವಾದ ಜವಾಹರಲಾಲ ನೆಹರೂ ಮೆಡಿಕಲ್ ಕಾಲೇಜಿನಲ್ಲಿ ಕಲಿತವರು, ವಯಸ್ಸಾದವರು. ಅವರ ಹೆಸರು ಇಲ್ಲಿ ಬೇಡ. ಹೆಸರು ಹಾಕಿಸಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ರಾಯಬಾಗ, ಚಿಂಚಲಿ, ಕುಡಚಿ ಹಾಯ್ದು ಬರುವ ಗಾಡಿಯಲ್ಲಿ ಮಧ್ಯಾಹ್ನವೇ ಬಂದಿಳಿದರು. ಊಟದ ವ್ಯವಸ್ಥೆ ಕಾಕಾನದು, ಹಾಗಾಗಿ ಅವರು ಮೊದಲು ಬಂದು ಕೂತದ್ದು ನಮ್ಮ ಅಂಗಡಿಯ ಕಟ್ಟೆಯ ಮೇಲೆ. ಚಹಾ ಬಸಿಗೆ ಸುರಿದುಕೊಂಡು ಕುಡಿದರು. ಕೈಗಡಿಯಾರವನ್ನು ಮಣಿಕಟ್ಟಿನ ಒಳಮೈಗೆ ಕಟ್ಟುತ್ತಿದ್ದರು. ಅದರ ಸೆಕೆಂಡಿನ ಮುಳ್ಳು ಕೆಂಪಗೆ ಉದ್ದಕ್ಕಿತ್ತು. ಅದು ಯಾಕೆಂದು ಆಮೇಲೆ ತಿಳಿಯಿತು.

ಅವರು ಚಹಾ ಕುಡಿಯುತ್ತಿರುವಾಗಲೇ ಜತ್ತ ಕಡೆಯ ಟೋಳಿಯ ಒಬ್ಬ ಹೆಣ್ಣುಮಗಳು ಬಂದಳು. ಬಗಲಲ್ಲಿ ಕೂಸು, ಕೈಯಲ್ಲಿ ತೀರಿದ ಕೆಮ್ಮಿನ ಬಾಟ್ಲಿ. “ಇದs ಇನ್ನೊಂದು ಕೊಡ್ರೀ ಕಾಕಾ,” ಅಂದಳು. ಎರಡು ದಿನದ ಹಿಂದೆ ಎಲ್ಲೋ ತೋರಿಸಿದ್ದಳಂತೆ. ಸೂಜಿ ಮಾಡಿ, ಬಾಟ್ಲಿ ಬರೆದು ಕಳಿಸಿದ್ದರಂತೆ. ಕೂಸು ಅಳುತ್ತಿರಲಿಲ್ಲ, ಹೆಗಲ ಮೇಲೆ ಮಲಗಿತ್ತು. ಬೆಳಗಾವಿ ಸಾಹೇಬರು ಬಸಿ ಕೆಳಗಿಟ್ಟರು.

“ತಂಗಿ, ಕೂಸಿಗೆ ಎಷ್ಟು ತಿಂಗಳು?”

“ಎಂಟು ತುಂಬ್ಯಾವ್ರಿ.”

“ಹಿಂಗ ಬಾ, ಕೂಡು. ಎಬ್ಬಸಬ್ಯಾಡ. ನಿನ್ನ ತೊಡಿ ಮ್ಯಾಲೆ ಹಂಗ ಮಲಗಸು.”

ಕೂಸಿನ ಮೈಮೇಲೆ ಎಷ್ಟು ಅರಿವೆ ಇದ್ದವೆಂದರೆ! ಮೇಲೊಂದು ಕೌದಿ, ಅದರೊಳಗೆ ಉಣ್ಣೆಯ ಸ್ವೆಟರ್, ಅದರೊಳಗೆ ಝಬಲಾ, ತಲೆಗೆ ಕುಲಾವಿ. ಸಾಹೇಬರು ಗಡಿಬಿಡಿ ಮಾಡದೆ ಒಂದೊಂದನ್ನೇ ಸರಿಸಿ ಎದೆಯಿಂದ ಹೊಟ್ಟೆಯ ತನಕ ಬತ್ತಲೆ ಮಾಡಿದರು. ಸ್ಟೆತಾಸ್ಕೋಪ್ ಚೀಲದಲ್ಲೇ ಇತ್ತು; ತೆಗೆಯಲಿಲ್ಲ. ಕೂಸನ್ನು ಮುಟ್ಟಲೂ ಇಲ್ಲ. ಅಂಗೈಯನ್ನು ತಮ್ಮ ಕಡೆ ತಿರುಗಿಸಿ, ಕೂಸಿನ ಹೊಟ್ಟೆ ಮತ್ತು ಗಡಿಯಾರದ ಕೆಂಪು ಮುಳ್ಳು ಎರಡೂ ಒಂದೇ ನೋಟಕ್ಕೆ ಸಿಗುವಂತೆ ಹಿಡಿದು, ಹೊಟ್ಟೆ ಮೇಲೇರಿದಾಗಲೊಮ್ಮೆ ತುಟಿಯಲ್ಲೇ ಎಣಿಸತೊಡಗಿದರು. ಗಿರಾಕಿ ಬಂದು ನಿಂತ, ಕಾಕಾ ಕೈ ಮಾಡಿ ಸುಮ್ಮನಿರು ಎಂದ. ರಸ್ತೆಯಲ್ಲಿ ಟ್ರ್ಯಾಕ್ಟರ್ ಹಾಯಿತು, ಸಾಹೇಬರು ಕಣ್ಣು ಎತ್ತಲಿಲ್ಲ. ಮುಳ್ಳು ಪೂರಾ ಒಂದು ಸುತ್ತು ಬಂದ ಮೇಲೆಯೇ ಉಸಿರು ಬಿಟ್ಟರು.

ಅವರು ಹೇಳಿದ ಎಣಿಕೆ 58 ಇತ್ತೋ 60 ಇತ್ತೋ, ಈಗ ಮಸುಕಾಗಿದೆ. 50 ದಾಟಿತ್ತು ಎಂಬುದು ಮಾತ್ರ ಗಟ್ಟಿ ನೆನಪು, ಯಾಕೆಂದರೆ ಕೂಡಲೇ ಅವರು ಕಾಕಾನಿಗೆ ಹೇಳಿದ್ದು ಅದನ್ನೇ: “ಎಂಟು ತಿಂಗಳ ಕೂಸು ನಿಮಿಷಕ್ಕ 50 ಮುಟ್ಟಬಾರದು. ಇದು ನೆಗಡಿ ಅಲ್ರಿ, ನ್ಯುಮೋನಿಯಾ.”

ಆಮೇಲೆ ಪಕ್ಕಡಿಯ ಕೆಳಗೆ ಬೆರಳು ತೋರಿಸಿದರು. ಕೂಸು ಉಸಿರು ಒಳಗೆ ಎಳೆದಾಗ ಅಲ್ಲಿ ತಗ್ಗು ಬೀಳುತ್ತದೆಯೇ ನೋಡಿದರು, ಬೀಳುತ್ತಿರಲಿಲ್ಲ. ಮೊಲೆ ಕುಡಿಯುತ್ತದೆಯೇ? ಕುಡಿದದ್ದೆಲ್ಲ ಕಾರಿಕೊಳ್ಳುತ್ತದೆಯೇ? ಮೈ ಸೆಟೆದು ಫಿಟ್ಸ್ ಬಂದಿತ್ತೇ? ಎಬ್ಬಿಸಿದರೆ ಎಚ್ಚರವಾಗುತ್ತದೆಯೇ? ತಾಯಿ ಒಂದೊಂದಕ್ಕೂ ಉತ್ತರ ಕೊಟ್ಟಳು. ಬೆರಳಿಗೆ ಸಣ್ಣ ಯಂತ್ರ ಹಚ್ಚಿ ರಕ್ತದ ಆಮ್ಲಜನಕವನ್ನೂ ನೋಡಿದರು. 90ಕ್ಕಿಂತ ಎಷ್ಟೋ ಮೇಲಿತ್ತು. ಅಂಥ ಯಂತ್ರವನ್ನು ನಾನು ಕಂಡದ್ದು ಅದೇ ಮೊದಲು. ಕೊರೋನಾ ಬಂದ ಮೇಲೆ ಅದು ಮನೆಮನೆಯ ವಸ್ತುವಾಯಿತು, ಅದು ಬೇರೆ ಮಾತು.

ಚೀಟಿ ಬರೆದರು. ಒಂದೇ ಒಂದು ಔಷಧ: ಅಮಾಕ್ಸಿಸಿಲಿನ್, ನೀರಲ್ಲಿ ಕರಗುವ 250 ಮಿಲಿಗ್ರಾಂ ಗುಳಿಗೆ, ಮುಂಜಾನೆ ಒಂದು, ಸಂಜೆಗೆ ಒಂದು, ಐದು ದಿನ. ಚೀಟಿಯ ತಲೆಗೆ, ಔಷಧದ ಹೆಸರಿಗಿಂತ ಮೇಲೆ, ಎಣಿಸಿದ ಉಸಿರಿನ ಅಂಕಿ ಬರೆದರು. ಗುಳಿಗೆಯನ್ನು ಚಮಚದಲ್ಲಿ ಹೇಗೆ ಕರಗಿಸಬೇಕೆಂದು ತಾಯಿಯ ಕೈಯಿಂದಲೇ ಮಾಡಿಸಿ, ಮೊದಲ ಡೋಸ್ ಅಲ್ಲೇ ಕುಡಿಸಿದರು.

“ಬಾಟ್ಲಿ ಕೊಡಂಗಿಲ್ಲೇನ್ರಿ? ಸೂಜಿ?” ಆಕೆಗೆ ಸಮಾಧಾನವಿರಲಿಲ್ಲ.

“ಬಾಟ್ಲಿ ಬ್ಯಾಡ ಯವ್ವಾ. ಈ ಗುಳಿಗೀನ ಕೂಸು ಗೆಲಸ್ತೈತಿ. ಎದಿಹಾಲು ಮಾತ್ರ ಬಿಡಬ್ಯಾಡ, ಹೊಗಿಯಾಗ ಮಲಗಸಬ್ಯಾಡ. ಎರಡು ದಿನ ಬಿಟ್ಟು ಇಲ್ಲಿ ಡಾಕ್ಟರಿಗೆ ತೋರಸು. ನಡುವ ಈ ಪಕ್ಕಡಿ ತಗ್ಗು ಬಿತ್ತು, ಹಾಲು ಬಿಟ್ಟಿತು ಅಂದ್ರ ರಾತ್ರಿ ಹಗಲು ನೋಡಬ್ಯಾಡ, ದೊಡ್ಡ ದವಾಖಾನಿಗೆ ಹೋಗಬೇಕು.”

ದೊಡ್ಡ ದವಾಖಾನೆ ಅಂದರೆ ನಮ್ಮ ಭಾಗಕ್ಕೆ ಮಿರಜ. ಡಾ. ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಶನ್ ದವಾಖಾನೆ ತೆರೆದ ಮೇಲೆ ಉಗಾರ, ಶೇಡಬಾಳ, ಕಾಗವಾಡದ ಎಷ್ಟೋ ತಲೆಮಾರು ಗಾಡಿ ಹತ್ತಿ ಅಲ್ಲಿಗೆ ಹೋಗಿ ಬದುಕಿ ಬಂದಿವೆ. ಅದಕ್ಕೂ ಮೊದಲು, ಅಷ್ಟೇಕೆ, ಅದರ ನಂತರವೂ ಬಹುದಿನ, ಕೂಸಿನ ಪಕ್ಕಡಿ ಎಳೆಯತೊಡಗಿದರೆ ಹೊಟ್ಟೆಗೆ ಬರೆ ಹಾಕಿಸುವವರಿದ್ದರು. ನಮ್ಮ ಆಯಿಯ ಹೊಟ್ಟೆಯ ಮೇಲೆ ಅಂಥ ಗುರುತು ಇತ್ತು. ಎಣ್ಣೆಸ್ನಾನದ ದಿನ ನಾವು ಮಕ್ಕಳು ಕೇಳಿದರೆ “ನಾ ಉಳದದ್ದು ಇದರಿಂದ” ಅನ್ನುತ್ತಿದ್ದಳು. ಅವಳ ಬೆನ್ನಿಗೆ ಹುಟ್ಟಿದ ಎರಡು ಕೂಸುಗಳಿಗೂ ಬರೆ ಹಾಕಿದ್ದರು, ಅವು ಉಳಿಯಲಿಲ್ಲ. ಈ ಮಾತನ್ನು ಮಾತ್ರ ಅವಳು ಹೆಚ್ಚು ಆಡುತ್ತಿರಲಿಲ್ಲ.

ಎಲ್ಲಿಗೋ ಹೋದೆ. ಕೂಟದ ಮಾತಿಗೆ ಬರುತ್ತೇನೆ.

ಸಂಜೆ ಒಂದು ಶಾಲೆಯ ಮಾಳಿಗೆಯ ಕೋಣೆಯಲ್ಲಿ ಡಾಕ್ಟರರು ಸೇರಿದರು. ಎಂಬಿಬಿಎಸ್ ಓದಿದವರಿದ್ದರು, ಆಯುರ್ವೇದ ಓದಿ ಅಲೋಪಥಿ ಬರೆಯುವವರಿದ್ದರು, ಹೋಮಿಯೋಪಥಿಯವರೂ ಇದ್ದರು. ಹಳ್ಳಿಗಾಡಿನಲ್ಲಿ ಮಗುವನ್ನು ಮೊದಲು ನೋಡುವವರು ಇವರೇ ತಾನೆ. ನಾನು ಮತ್ತು ಕಾಕಾ ಚಹಾ ಹಂಚುವ ನೆಪದಲ್ಲಿ ಹಿಂದೆ ನಿಂತೆವು.

ಸಾಹೇಬರು ಭಾಷಣದಿಂದ ಶುರು ಮಾಡಲಿಲ್ಲ. ಎಲ್ಲರಿಗೂ ಒಂದೊಂದು ತುಂಡು ಕಾಗದ ಕೊಟ್ಟರು. ಹೆಸರು ಬರೆಯಬೇಡಿ, ಉತ್ತರ ಮಾತ್ರ ಬರೆಯಿರಿ ಅಂದರು. ಒಂದು ವರ್ಷದೊಳಗಿನ ಕೂಸು ನಿಮಿಷಕ್ಕೆ ಎಷ್ಟು ಸಲ ಉಸಿರಾಡಿದರೆ ನ್ಯುಮೋನಿಯಾ ಅನ್ನುತ್ತೀರಿ? ನಿನ್ನೆ ನೋಡಿದ ಕೆಮ್ಮಿನ ಕೂಸುಗಳಲ್ಲಿ ಎಷ್ಟಕ್ಕೆ ಉಸಿರು ಎಣಿಸಿದಿರಿ? ಮೊದಲು ಯಾವ ಔಷಧ ಬರೆಯುತ್ತೀರಿ? ಯಾವ ಲಕ್ಷಣ ಕಂಡರೆ ದೊಡ್ಡ ದವಾಖಾನೆಗೆ ಕಳಿಸುತ್ತೀರಿ? ನಾಲ್ಕೇ ಪ್ರಶ್ನೆ. ನಾಲ್ಕನೆಯದು ಹೀಗೆಯೇ ಇತ್ತೋ ಇಲ್ಲವೋ, ಅದರ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ.

ಕಾಗದ ಒಟ್ಟುಮಾಡಿ ಒಂದೊಂದಾಗಿ ಓದಿದರು. ಮೊದಲ ಪ್ರಶ್ನೆಗೆ 30 ಅಂತ ಒಬ್ಬರು, 40 ಅಂತ ಒಬ್ಬರು, 70 ಅಂತಲೂ ಒಬ್ಬರು. ಸರಿಯಾಗಿ ಬರೆದವರೂ ಇದ್ದರು. “ಎಕ್ಸ್‌ರೇ ನೋಡಿ ಹೇಳುತ್ತೇನೆ” ಎಂದು ಬರೆದಿದ್ದರು ಕೆಲವರು. ಎರಡನೆಯ ಪ್ರಶ್ನೆಯ ಮುಂದೆ ಹೆಚ್ಚಿನ ಕಾಗದ ಖಾಲಿ ಇದ್ದವು. ಔಷಧದ ಸಾಲಿನಲ್ಲಿ ಅಮಾಕ್ಸಿಸಿಲಿನ್ ಕಡಿಮೆ. ಅದಕ್ಕಿಂತ ತುಟ್ಟಿಯಾದ ಹೊಸ ಹೊಸ ಹೆಸರುಗಳು ಹೆಚ್ಚು. ಸಾಹೇಬರು ಯಾರನ್ನೂ ನಾಚಿಸಲಿಲ್ಲ. ಓದಿದ ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಳ್ಳುತ್ತ ಹೋದರು.

ಆಗ ನಮ್ಮ ಕಡೆಯ ಒಬ್ಬ ಹಿರಿಯ ಡಾಕ್ಟರರು ಎದ್ದು ನಿಂತರು. ಬಡವರಲ್ಲಿ ದುಡ್ಡು ಕೇಳದ ಮನುಷ್ಯ, ನಡುರಾತ್ರಿ ಬಾಗಿಲು ತೆಗೆಯುವ ಮನುಷ್ಯ. ಅವರ ಮಾತು ಹೆಚ್ಚೂಕಡಿಮೆ ಹೀಗಿತ್ತು: “ಸಾಹೇಬ್ರ, ಸಂತಿ ದಿನ ಮುಂಜಾನಿ ನನ್ನ ಬಾಗಲಾಗ ನೂರು ಮಂದಿ ನಿಂತಿರ್ತಾರ. ಒಂದೊಂದು ಕೂಸಿಗೆ ಒಂದೊಂದು ನಿಮಿಷ ಎಲ್ಲಿಂದ ತರಲಿ? ಸೂಜಿ ಮಾಡಲಿಲ್ಲಂದ್ರ ಅದs ತಾಯಿ ಇನ್ನೊಬ್ಬರ ಹಂತೇಲಿ ಹೋಗ್ತಾಳ. ನಾವು ಓದಿ ಎಷ್ಟೋ ವರ್ಷ ಆದ್ವು. ಹೊಸಾದು ಬಂದದ್ದು ನಮಗ ಯಾರು ಬಂದು ಹೇಳ್ತಾರ?”

ಕೋಣೆ ಸುಮ್ಮನಾಯಿತು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಔಷಧ ಕಂಪನಿಯ ಪ್ರತಿನಿಧಿ ವಾರವಾರ ಬರುತ್ತಾನೆ, ಹೊಸ ಬಾಟ್ಲಿಯ ಹೆಸರು ಹೇಳಿ ಹೋಗುತ್ತಾನೆ. ಅಮಾಕ್ಸಿಸಿಲಿನ್ ಹಳೆಯ ಔಷಧ, ಅಗ್ಗದ ಔಷಧ. ಅದರ ಪರವಾಗಿ ನಮ್ಮ ಅಂಗಡಿಗೆ ಒಬ್ಬನೂ ಬಂದದ್ದು ನಾನು ಕಾಣೆ.

ಸಾಹೇಬರು ಅದಕ್ಕೆ ಉತ್ತರವಾಗಿ ಕಥೆ ಹೇಳಿದರು. 1980ರ ದಶಕದಲ್ಲಿ ಪಪುವಾ ನ್ಯೂಗಿನಿಯ ಗುಡ್ಡಗಾಡಿನಲ್ಲಿ ಫ್ರಾಂಕ್ ಶಾನ್ ಎಂಬ ಮಕ್ಕಳ ಡಾಕ್ಟರರಿದ್ದರಂತೆ. ಎಕ್ಸ್‌ರೇ ಇಲ್ಲ, ಲ್ಯಾಬ್ ಇಲ್ಲ, ಸಾಲುಸಾಲು ಕೆಮ್ಮಿನ ಮಕ್ಕಳು. ಅವರು ಗಮನಿಸಿದ್ದು ಎರಡು: ಉಸಿರಿನ ವೇಗ, ಎದೆಯ ತಗ್ಗು. ಬೇನೆ ಹೊಕ್ಕ ಪುಪ್ಪುಸ, ತುಂಬಿದ ಕೊಡದಲ್ಲಿ ಮತ್ತೆ ನೀರು ಹಿಡಿಸದ ಹಾಗೆ, ಒಮ್ಮೆಗೆ ಸ್ವಲ್ಪವೇ ಗಾಳಿ ಹಿಡಿಯುತ್ತದೆ. ಕೊರತೆ ತುಂಬಲು ಕೂಸು ಬೇಗಬೇಗ ಉಸಿರಾಡಬೇಕಾಗುತ್ತದೆ. ಅಳುವ ಕೂಸಿನ ಎದೆಯಲ್ಲಿ ಸ್ಟೆತಾಸ್ಕೋಪಿಗೆ ಕೇಳದ್ದು ಈ ಎಣಿಕೆಗೆ ಸಿಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮಾರ್ಗಸೂಚಿ ಕಟ್ಟಿದ್ದು ಇದರ ಮೇಲೆಯೇ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳ ತನಕ 50, ಒಂದರಿಂದ ಐದು ವರ್ಷದ ತನಕ 40. ಅಷ್ಟು ಅಥವಾ ಅದಕ್ಕೆ ಮೇಲಾದರೆ ಬೇಗದ ಉಸಿರು.

ಆಮೇಲೆ ನಮ್ಮ ಹತ್ತಿರದ ಕಥೆ, ಮಹಾರಾಷ್ಟ್ರದ ಗಡಚಿರೋಲಿಯದು. ಡಾ. ಅಭಯ ಬಂಗ ಮತ್ತು ಡಾ. ರಾಣಿ ಬಂಗ 1988ರ ಸುಮಾರಿಗೆ ಅಲ್ಲಿನ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರಿಗೆ, ಸೂಲಗಿತ್ತಿಯರಿಗೆ ನ್ಯುಮೋನಿಯಾ ಗುರುತಿಸಿ ಔಷಧ ಕೊಡುವುದನ್ನು ಕಲಿಸಿದರು. ಸೂಲಗಿತ್ತಿಯರಲ್ಲಿ ಹಲವರಿಗೆ ದೊಡ್ಡ ಸಂಖ್ಯೆ ಎಣಿಸಲು ಬಾರದು. ಅದಕ್ಕಾಗಿ ಅಭಯ ಬಂಗ ಒಂದು ಸಾಧನ ಮಾಡಿದರು: ಒಂದು ನಿಮಿಷದ ಮರಳು ಗಡಿಯಾರ, ಪಕ್ಕದಲ್ಲಿ ಮಣಿಗಳ ಸಾಲು. ಹತ್ತು ಉಸಿರಿಗೊಂದು ಮಣಿ ಸರಿಸಬೇಕು. ಮರಳು ಮುಗಿಯುವುದರೊಳಗೆ ಸಾಲಿನ ಕೊನೆಯ ಕೆಂಪು ಮಣಿ ಸರಿಯಿತೋ, ನ್ಯುಮೋನಿಯಾ. ಆ ಹಳ್ಳಿಗಳಲ್ಲಿ ನ್ಯುಮೋನಿಯಾದಿಂದ ಸಾಯುವ ಮಕ್ಕಳ ಪ್ರಮಾಣ, ಈ ಕೆಲಸ ನಡೆಯದ ಹಳ್ಳಿಗಳ ಸುಮಾರು ಅರ್ಧಕ್ಕೆ ಇಳಿಯಿತು. 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಪ್ರಕಟಿಸಿತು.

“ಅಕ್ಷರ ಬಾರದ ಆ ತಾಯಂದಿರು ಎಣಿಸಿದ್ರು,” ಅಂದರು ಸಾಹೇಬರು. ಅವರ ದನಿಯಲ್ಲಿ ಚುಚ್ಚು ಇರಲಿಲ್ಲ, ಕೇಳಿಕೊಳ್ಳುವ ಧ್ವನಿಯಿತ್ತು. “ನಿಮಗ ನಿಮಿಷ ಇಲ್ಲಂದ್ರ ಕಂಪೌಂಡರಿಗೆ ಕಲಸ್ರಿ. ಕೂಸು ಹೊರಗ ಕುಂತಾಗs ಅವ ಎಣಿಸಿ ಚೀಟಿ ಮ್ಯಾಲ ಬರೀಲಿ. ಅಂಕಿ ಕಣ್ಣ ಮುಂದ ಇದ್ರ ನಿಮ್ಮ ಕೈ ತಾನs ಸರಿ ಬರೀತದ.”

ಇನ್ನೊಂದು ಮಾತಿಗೆ ಅಲ್ಲಿದ್ದವರಲ್ಲಿ ಬಹಳ ಮಂದಿ ಹುಬ್ಬು ಏರಿಸಿದರು. ಎದೆ ತಗ್ಗು ಬಿದ್ದರೆ ಭರ್ತಿ ಮಾಡಿ ಸೂಜಿಯೇ ಕೊಡಬೇಕು ಎಂದು ಅವರೆಲ್ಲ ಕಲಿತಿದ್ದರು. ಆದರೆ 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಬದಲಾಗಿತ್ತು. ಕೂಸು ಹಾಲು ಕುಡಿಯುತ್ತಿದ್ದು, ಬೇರೆ ಅಪಾಯದ ಲಕ್ಷಣವಿಲ್ಲದಿದ್ದರೆ, ಡಾಕ್ಟರರ ನಿಗಾದಲ್ಲಿ ಬಾಯಿಂದ ಕೊಡುವ ಅಮಾಕ್ಸಿಸಿಲಿನ್ ಸಾಕು. ಕುಡಿಯಲಾಗದ, ಫಿಟ್ಸ್ ಬಂದ, ಎಚ್ಚರ ತಪ್ಪಿದ, ಆಮ್ಲಜನಕ 90ಕ್ಕಿಂತ ಕೆಳಗಿಳಿದ ಕೂಸಿಗೆ ಮಾತ್ರ ತಡಮಾಡದೆ ದವಾಖಾನೆ, ಆಮ್ಲಜನಕ, ಆ್ಯಂಪಿಸಿಲಿನ್, ಜೆಂಟಾಮೈಸಿನ್ ಸೂಜಿ. ಆ ಬದಲಾವಣೆ ಆಗಿ ವರ್ಷಗಳೇ ಕಳೆದಿದ್ದವು. ನಮ್ಮ ಮಾಳಿಗೆಗೆ ಅದು ಮುಟ್ಟಿದ್ದು ಅವತ್ತು. ಬೆಳಗಾವಿ ಎಷ್ಟು ದೂರ ಹೇಳಿ? ಹೊತ್ತು ಹುಟ್ಟುವ ಗಾಡಿ ಹಿಡಿದರೆ ಊಟದ ಹೊತ್ತಿಗಿಂತ ಮುಂಚೆಯೇ ಮುಟ್ಟುವ ಊರು. ಗೊತ್ತಿರುವ ಸಂಗತಿ ಅಷ್ಟು ದೂರ ನಡೆದು ಬರಲು ಇಷ್ಟು ಕಾಲ ಹಿಡಿಯಿತಲ್ಲ ಎಂದು ನನಗೆ ಸಂಕಟವಾಯಿತು. ನಡುವಿನ ವರ್ಷಗಳಲ್ಲಿ ಎಷ್ಟು ಕೂಸುಗಳು ಬಾಟ್ಲಿ ಕುಡಿದು ಕೂತಿದ್ದವೋ!

ಕೂಟ ಮುಗಿದ ಮೇಲೆ ಊಟ. ಕಾಕೂ ಎರಡು ದಿನದಿಂದ ತಯಾರಿ ನಡೆಸಿದ್ದಳು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಝುಣಕ, ಗುರೆಳ್ಳು ಚಟ್ನಿ, ಕೆನೆಮೊಸರು, ಕಡೆಗೆ ಶೇಂಗಾ ಹೋಳಿಗೆ, ಮೇಲೆ ತುಪ್ಪ. ಸಾಹೇಬರು ಹೋಳಿಗೆಯನ್ನು ಮುರಿದು ಹಾಲಿಗೆ ಹಾಕಿಕೊಂಡು ಉಂಡರು. ಹಿರಿಯ ಡಾಕ್ಟರರು ಅವರ ಪಕ್ಕದಲ್ಲೇ ಕೂತಿದ್ದರು. ಊಟದ ನಡುವೆ ಸಾಹೇಬರ ಮಣಿಕಟ್ಟು ಹಿಡಿದು ಗಡಿಯಾರ ನೋಡುವುದು, ಏನೋ ಕೇಳುವುದು ನಡೆದೇ ಇತ್ತು.

ಐದನೆಯ ದಿನವೋ ಆರನೆಯ ದಿನವೋ ಆ ಜತ್ತದ ಹೆಣ್ಣುಮಗಳು ಅಂಗಡಿಗೆ ಬಂದಳು. ಕೂಸು ಕಾಕಾನ ಮಫ್ಲರ್ ಹಿಡಿದು ಜಗ್ಗುತ್ತಿತ್ತು. ಎರಡನೆಯ ಸಲ ತೋರಿಸಿದಾಗ ನಮ್ಮ ಹಿರಿಯ ಡಾಕ್ಟರರೇ ಅಂಗಿ ಎತ್ತಿ ಎಣಿಸಿದರಂತೆ. ಆಕೆ ತಂದ ಚೀಟಿಯ ಮೇಲೆ ಮೊದಲಿನ ಅಂಕಿ, ಅದರ ಕೆಳಗೆ ಅವರ ಕೈಯ ಸಣ್ಣ ಅಂಕಿ. ಕಾಕಾ ಆ ಚೀಟಿಯನ್ನು ಬಹಳ ಹೊತ್ತು ನೋಡಿದ. ಮುಂದಿನ ತಿಂಗಳುಗಳಲ್ಲಿ ಅಂಥ ಅಂಕಿಯಿದ್ದ ಚೀಟಿಗಳು ಬರತೊಡಗಿದವು. ಎಲ್ಲರಿಂದ ಅಲ್ಲ. ಬಾಟ್ಲಿಯ ರೂಢಿ ಬಿಡದವರು ಬಿಡಲಿಲ್ಲ. ಆದರೆ ಅಂಕಿ ಇದ್ದ ಚೀಟಿಯಲ್ಲಿ ನೆಗಡಿಯ ಕೂಸಿಗೆ ಆ್ಯಂಟಿಬಯೋಟಿಕ್ ಇರುತ್ತಿರಲಿಲ್ಲ, ನ್ಯುಮೋನಿಯಾದ ಕೂಸಿಗೆ ಇರುತ್ತಿತ್ತು. ಕಾಕಾ ಕೇಳುತ್ತಿದ್ದ ಫರಕು ಅದೇ.

ಆಮೇಲೆ 2019ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ‘ಸಾಂಸ್’ ಎಂಬ ಅಭಿಯಾನ ತಂದಿತು. ಆಶಾ ಕಾರ್ಯಕರ್ತೆಯರು ಉಸಿರು ಎಣಿಸಲು ಕಲಿತರು, ಮೊದಲ ಡೋಸ್ ಕೊಟ್ಟು ದವಾಖಾನೆಗೆ ಕಳಿಸುವುದನ್ನೂ ಕಲಿತರು. ಹುಟ್ಟಿದ ಸಾವಿರ ಮಕ್ಕಳಲ್ಲಿ ನ್ಯುಮೋನಿಯಾದ ಸಾವು ಮೂರಕ್ಕಿಂತ ಕೆಳಗೆ ಬರಬೇಕೆಂಬ ಗುರಿ ಅದರದಾಗಿತ್ತು. ನ್ಯುಮೋಕಾಕಸ್ ಲಸಿಕೆ 2021ರಲ್ಲಿ ದೇಶಕ್ಕೆಲ್ಲ ಹಬ್ಬಿತು. ಪೆಂಟಾವಲೆಂಟ್ ಅದಕ್ಕೂ ಮೊದಲೇ ಬಂದಿತ್ತು. ಇವೆಲ್ಲ ದೊಡ್ಡ ಕೆಲಸಗಳು. ಆದರೂ ಜಗತ್ತಿನಲ್ಲಿ ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಐದು ವರ್ಷದೊಳಗಿನ ಮಕ್ಕಳನ್ನು ಈ ಬೇನೆ ಒಯ್ಯುತ್ತದೆ. ಲಸಿಕೆ, ಗುಳಿಗೆ, ಅಭಿಯಾನ ಎಲ್ಲ ಇದ್ದರೂ ಕಡೆಗೆ ಮಾತು ನಿಲ್ಲುವುದು, ಕೂಸನ್ನು ಮೊದಲು ನೋಡಿದ ಮನುಷ್ಯನಿಗೆ 60, 50, 40 ಗೊತ್ತಿದೆಯೇ, ಗೊತ್ತಿದ್ದರೆ ಆ ನಿಮಿಷ ಕೊಡುತ್ತಾನೆಯೇ ಎಂಬಲ್ಲಿ.

ಕಾಕಾ ಈಗಿಲ್ಲ, ಅಂಗಡಿ ನಾನೇ ನೋಡುತ್ತೇನೆ. ಆ ಮೂರು ಅಂಕಿಗಳನ್ನು ದಪ್ಪಕ್ಷರದಲ್ಲಿ ಬರೆದು, ಕನ್ನಡದಲ್ಲಿ ಒಂದು, ಮರಾಠಿಯಲ್ಲಿ ಒಂದು, ಗಲ್ಲಾದ ಮೇಲೆ ಹಚ್ಚಿದ್ದೇನೆ. ಕೂಸು ಹೊತ್ತು ಬಂದ ತಾಯಿಗೆ ನಾನು ಔಷಧ ಹೇಳುವುದಿಲ್ಲ, ಅದು ನನ್ನ ಕೆಲಸವಲ್ಲ. “ಡಾಕ್ಟರ್ ಉಸಿರು ಎಣಿಸ್ಯಾರೇನವಾ?” ಎಂದು ಮಾತ್ರ ಕೇಳುತ್ತೇನೆ. ಇಲ್ಲ ಅಂದರೆ, ತಿರುಗಿ ಹೋಗಿ ‘ಸಾಹೇಬ್ರ, ಅಂಗಿ ಎತ್ತಿ ಒಂದು ನಿಮಿಷ ಎಣಿಸ್ರಿ’ ಎಂದು ಕೇಳಲು ಹೇಳುತ್ತೇನೆ. ಕೆಲವರು ಸಂಕೋಚಪಡುತ್ತಾರೆ, ಡಾಕ್ಟರಿಗೆ ಹೇಗೆ ಹೇಳುವುದು ಅನ್ನುತ್ತಾರೆ. ಸಂಕೋಚ ಯಾಕೆ? ಸೂಜಿ ಮಾಡಿರಿ, ಬಾಟ್ಲಿ ಬರೆಯಿರಿ ಎಂದು ಮೂರು ತಲೆಮಾರು ಕೇಳಿ ಕೇಳಿ ಅವರಿಗೆ ಆ ರೂಢಿ ಹಚ್ಚಿದವರು ನಾವೇ. ಉಸಿರು ಎಣಿಸಿರಿ ಎಂದು ಅಷ್ಟೇ ಹಟದಿಂದ ಕೇಳುತ್ತ ಹೋದರೆ, ಈ ರೂಢಿಯನ್ನೂ ನಾವೇ ಹಚ್ಚಬಲ್ಲೆವು.